ಮುಚ್ಚಳದೊಳಗಿನ ನೀಲಿ ಅಂಕಿ

ಹೋದ ತಿಂಗಳು ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಒಂದು ಸಭಾಂಗಣದಲ್ಲಿ ಆತನ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಗೆ ಸೇವಂತಿಗೆ ಹಾರ, ಮುಂದೆ ಊದುಬತ್ತಿಯ ಕಟ್ಟು, ಪಕ್ಕದಲ್ಲಿ ಕುಂಯ್‌ಗುಡುವ ಮೈಕು. ಅಕ್ಕಿ ಗಿರಣಿಯವರು, ಎಣ್ಣೆ ಗಿರಣಿಯವರು, ಹತ್ತಿ ಜಿನ್ನಿನವರು, ಪಂಪ್‌ಸೆಟ್ಟಿನ ರೈತರು ಎಲ್ಲ ಬಂದಿದ್ದರು. ಏಳು ಜನ ಮಾತಾಡಿದರು. ಏಳೂ ಜನ ತಿರುಗಾ ಮುರುಗಾ ಒಂದೇ ಮಾತು ಹೇಳಿದರು: "ಯಾರಿಗೂ ಇಲ್ಲ ಅಂದ ಮನುಷ್ಯ ಅಲ್ರಿ ಅವರು." ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಮುಖ ಸಿಂಡರಿಸಿ ಬಾಗಿಲ ಕಡೆ ತಿರುಗಿದೆ. ಊದುಬತ್ತಿಯ ಹೊಗೆಗೆ ಇರಬೇಕೆಂದು ಪಕ್ಕದವರು ಎದ್ದು ಕಿಟಕಿ ತೆರೆದರು.

ಹೊಗೆಗಲ್ಲ, ಆ ಮಾತಿಗೆ. ಇಲ್ಲ ಅನ್ನಬೇಕಾದ ಜಾಗದಲ್ಲಿ ಇಲ್ಲ ಅನ್ನದವನನ್ನು ಸಜ್ಜನ ಎನ್ನುವುದನ್ನು ಯಾರು ಕಲಿಸಿದರೋ ಈ ಜನಕ್ಕೆ! ಆತನ ಹೆಸರು ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರೇನು ಮಾಡಿದ್ದಾರೆ ಪಾಪ. ಊರೆಲ್ಲ "ಅವರು" ಎನ್ನುತ್ತದೆ, ನಾನು "ಆತ" ಎಂದೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಕೈಯಿಂದ ಹೊರಡುತ್ತಿಲ್ಲ.

ಬಳ್ಳಾರಿಯ ಒಂದು ಮೋಟಾರು ಅಂಗಡಿಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಒಟ್ಟಿಗಿದ್ದೆವು. ನಾನು ಡಿಪ್ಲೊಮಾ ಮುಗಿಸಿ ಸೇರಿದವನು, ಮೋಟಾರು ಕೂರಿಸುವುದು, ವೈರು ಎಳೆಯುವುದು, ಸ್ಟಾರ್ಟರು ಹಾಕುವುದು ನನ್ನ ಕೆಲಸ. ಆತ ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಸಾಲಿ ಕಲಿತದ್ದು ಅಷ್ಟಕ್ಕಷ್ಟೆ. ಆದರೆ ಯಾವ ಯಂತ್ರಕ್ಕೆ ಎಷ್ಟು ಎಚ್‌ಪಿ ಮೋಟಾರು ಬೇಕು ಎಂದು ಹೇಳುವುದರಲ್ಲಿ ಆತನನ್ನು ಮೀರಿಸುವವರು ಸಿರುಗುಪ್ಪದಿಂದ ಬಳ್ಳಾರಿಯವರೆಗೆ ಯಾರೂ ಇರಲಿಲ್ಲ. ಡೀಸೆಲ್ ಎಂಜಿನ್ನುಗಳೆಲ್ಲ ಮೂಲೆ ಸೇರಿ ಊರೂರಿಗೆ ಕರೆಂಟಿನ ಮೋಟಾರು ಬರುತ್ತಿದ್ದ ಕಾಲ ಅದು. ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಆತನಿಗಾಗಿ ಗಿರಾಕಿಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಆತನ ವಿದ್ಯೆಯನ್ನು ಅಲ್ಲಗಳೆದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ತೆಕ್ಕಲಕೋಟೆಯ ಒಂದು ಗಿರಣಿಯಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಿವಿಗೆ ನೀಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಒಳಗೆ ಬಂದ. ಬಾಯಿಯ ಎಲೆಅಡಿಕೆ ಉಗುಳಿ ಬಂದ, ಯಂತ್ರದ ಮುಂದೆ ಬಾಯಿ ತುಂಬಿರಬಾರದು ಎಂಬುದು ಆತನ ನೇಮ. ತಿರುಗುತ್ತಿದ್ದ ಶಾಫ್ಟಿನ ಬೇರಿಂಗ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು, "ಹನ್ನೊಂದು ಆಂಪ್ಸ್ ಎಳೀಲಿಕತ್ತೈತಿ, ನೋಡು" ಅಂದ. ವೈರಿಗೆ ಕಚ್ಚಿಸಿ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ನನ್ನ ಕೈಯಲ್ಲಿತ್ತು. ಮುಳ್ಳು ಹನ್ನೊಂದರ ಗೆರೆಯ ಮೇಲೆ ನಿಂತಿತು. ಆವತ್ತು ನಾನು ಮನಸ್ಸಿನಲ್ಲೇ ಆತನ ಕಾಲಿಗೆ ಬಿದ್ದಿದ್ದೆ.

ಕಲಿಸುವಾಗಲೂ ಕೈ ಬಿಗಿ ಹಿಡಿದವನಲ್ಲ.

"ಲೋಡನ್ನ ಕೇಳಲೇ, ಸಾಹುಕಾರನ್ನ ಕೇಳಬ್ಯಾಡ" ಅನ್ನುತ್ತಿದ್ದ. "ತಾಸಿಗೆ ಎಷ್ಟು ಚೀಲ, ಎಷ್ಟು ಎತ್ತರಕ್ಕ, ಎಷ್ಟು ಸುತ್ತು. ಅಷ್ಟು ಗೊತ್ತಾದ್ರ ಲೋಡು ತಾನ ಹೇಳ್ತದ, ನನಗ ಇಷ್ಟು ಬೇಕಂತ. ಅದರ ಮ್ಯಾಲ ಒಂದು ಕಾಲು ಭಾಗ ಹಾಕು. ಅಷ್ಟರದು ಸಿಗಲಿಲ್ಲ, ಮುಂದಿನ ಸೈಜು ತಗೋ. ಅಲ್ಲಿಗೆ ಮುಗೀತು, ಬಾಯಿ ಮುಚ್ಚು."

"ಸಣ್ಣದು ಹಾಕಿದ್ರ ಮೋಟಾರು ಸುಡ್ತದ, ಗೊತ್ತು. ದೊಡ್ಡದು ಹಾಕಿದ್ರ ಏನಾಗ್ತದ್ರಿ?" ಎಂದು ಒಮ್ಮೆ ಕೇಳಿದೆ.

"ಮೋಟಾರಿಗೆ ಏನೂ ಆಗಂಗಿಲ್ಲ. ಉಳಿದಿದ್ದಕ್ಕೆಲ್ಲ ಆಗ್ತದ. ಎತ್ತಿನ ಕಾಲಿಗೆ ಕಲ್ಲು ಸಿಕ್ರ ಎತ್ತು ನಿಲ್ತದ. ಮೋಟಾರಿಗೆ ಆ ಬುದ್ಧಿ ಇಲ್ಲಲೇ. ಅದಕ್ಕ ತಾಕತ್ತು ಅಳತಿಮ್ಯಾಗ ಕೊಡಬೇಕು."

ಇಷ್ಟು ತಿಳಿದವನು ಅಂಗಡಿಯ ಗಾದಿಯ ಪಕ್ಕ ಕೂತರೆ ಬೇರೆ ಮನುಷ್ಯನೇ ಆಗಿಬಿಡುತ್ತಿದ್ದ. ನಮ್ಮ ಕಡೆ ಆಗ ಎಚ್‌ಪಿ ಎಂಬುದು ಅಳತೆಯಾಗಿ ಉಳಿದಿರಲಿಲ್ಲ, ಮೀಸೆಯಾಗಿತ್ತು. ಗಿರಣಿಯ ಗೋಡೆಯ ಮೇಲೆ ದೇವರ ಹೆಸರಿನ ಕೆಳಗೆ ಮೋಟಾರಿನ ಎಚ್‌ಪಿಯನ್ನು ಕೆಂಪು ಬಣ್ಣದಲ್ಲಿ ಬರೆಸುವುದು ರೂಢಿ. ಹೆಣ್ಣು ಕೊಡುವವರು ಹುಡುಗನಿಗೆ ಹೊಲ ಎಷ್ಟು ಎಂದು ಕೇಳಿದ ಮೇಲೆ ಗಿರಣಿ ಎಷ್ಟು ಎಚ್‌ಪಿ ಎಂದು ಕೇಳುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಈ ಮಂದಿಗೆ ಹೇಳಬೇಕಾದವನು ಒಬ್ಬನೇ ಇದ್ದ. ಅವನೇ ಇವರ ಕಾಲು ಹಿಡಿದು ಎಳೆದು ಉದ್ದ ಮಾಡುತ್ತಿದ್ದ.

ಕುರುಗೋಡಿನ ಒಬ್ಬ ಸಾಹುಕಾರರು ಶೇಂಗಾ ಒಡೆಯುವ ಯಂತ್ರಕ್ಕೆ ಮೋಟಾರು ಕೇಳಲು ಬಂದರು. ಹಿಂದಿನ ದಿನವೇ ನಾವು ಹೋಗಿ ಅಳೆದು ಬಂದಿದ್ದೆವು. ಐದು ಎಚ್‌ಪಿ ಧಾರಾಳ ಎಂದು ಬಸ್ಸಿನಲ್ಲಿ ಆತನೇ ನನಗೆ ಹೇಳಿದ್ದ. ಸಾಹುಕಾರರು ಕೂತು ಚಹ ಕುಡಿದು, "ನಮ್ಮ ಬೀಗರ ಗಿರಣ್ಯಾಗ ಏಳೂವರೆ ಐತ್ರಿ" ಅಂದರು. ಆತನ ಮುಖ ಅರಳಿತು ನೋಡಿ, ಆ ಅರಳಿದ ಮುಖ ನೆನೆದರೆ ಈಗಲೂ ಕೈ ಹಿಸುಕಿಕೊಳ್ಳುತ್ತೇನೆ.

"ಹಂಗಾದ್ರ ನಿಮಗ ಹತ್ತು ಬೇಕಾಗ್ತದ ಬಿಡ್ರಿ" ಅಂದ. "ಹೆಚ್ಚಿಗಿ ಇದ್ರ ಏನು ಹೊಟ್ಟಿ ನೋಯ್ತದೇನ್ರಿ?"

ಹತ್ತು ಎಚ್‌ಪಿ ಹೋಯಿತು. ಗುಂಡಿ ಒತ್ತಿದ ಕೂಡಲೇ ಆ ಮೋಟಾರು ಕೊಡುವ ಎಳೆತಕ್ಕೆ ಒಂದೇ ತಿಂಗಳಲ್ಲಿ ಮೂರು ಸಲ, ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಕೀಲಿ ಕತ್ತರಿಸಿ ಹೋಯಿತು. ಮೂರನೆಯ ಸಲ ನಾನು ರಿಪೇರಿಗೆ ಹೋದಾಗ ಸಾಹುಕಾರರು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರೋ ಹೆಮ್ಮೆಯಿಂದ, "ಮೋಟಾರು ಹುಲಿ ಐತ್ರಿ, ಶಾಫ್ಟಿಗೆ ತಡಕೊಳ್ಳಾಕ ಆಗವಲ್ದು" ಅಂದರು. ಮೋಟಾರಿನ ಕೊರಳಿಗೆ ಚೆಂಡುಹೂವಿನ ಮಾಲೆ ಬೇರೆ ಇತ್ತು. ಇಂಥ ಜನರಿಗೆ ಇಂಥವನೇ ಸರಿ ಎಂದು ಆವತ್ತು ನಕ್ಕುಬಿಟ್ಟೆ. ನಗಬಾರದಿತ್ತು.

ದುಡ್ಡಿನ ಆಸೆಗೆ ಮಾಡುತ್ತಿದ್ದ ಎಂದುಕೊಳ್ಳಬೇಡಿ. ಹಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ, ಲೋಕದಲ್ಲಿ ಇಂಥವರು ಬೇಕಾದಷ್ಟಿದ್ದಾರೆ ಎಂದು ಸುಮ್ಮನಾಗುತ್ತಿದ್ದೆ. ಆತ ಒಂದು ಕಾಸು ಮುಟ್ಟಿದವನಲ್ಲ. ಗಿರಾಕಿಯ ಮುಖ ಸಪ್ಪಗಾಗುವುದನ್ನು ಆತನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೆ. ಎಲ್ಲರಿಗೂ ಬೇಕಾದವನಾಗಿ ಇರಬೇಕು ಎಂಬ ಚಪಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ತೆಲುಗಿನವರು ಬಂದರೆ "ಪರವಾಲೇದಂಡಿ, ಪೆದ್ದದೇ ವೇಸ್ಕೋಂಡಿ" ಎಂದು ತೆಲುಗಿನಲ್ಲೇ ದೊಡ್ಡದನ್ನು ಒಪ್ಪಿಸುವುದು, ಸಾಬರು ಬಂದರೆ "ಬರೋಬ್ಬರ್ ಹೈ" ಎಂದು ತಲೆಯಾಡಿಸುವುದು. ಮೂರು ಭಾಷೆ ಕಲಿತಿದ್ದ ಆತ, ಮೂರರಲ್ಲೂ ಹೂಂ ಅನ್ನುವುದನ್ನು ಬಿಟ್ಟು ಬೇರೆ ಕಲಿತಿರಲಿಲ್ಲ.

ಇನ್ನು ಆ ನೀಲಿ ಪೆನ್ಸಿಲ್. ಹಲಕುಂದಿಯ ಒಂದು ಬಾವಿಯ ಪಂಪು ಕೆಟ್ಟಿತೆಂದು ಒಮ್ಮೆ ನಾನೊಬ್ಬನೇ ಹೋಗಿದ್ದೆ. ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆರೆದರೆ ಒಳಬದಿಯಲ್ಲಿ ನೀಲಿಯಲ್ಲಿ "೩ ಸಾಕು" ಎಂದು ಬರೆದಿತ್ತು. ಬಾವಿಗೆ ಹಾಕಿದ್ದು ಏಳೂವರೆ. ಅಕ್ಷರ ಆತನದೇ. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಮುಚ್ಚಳ ತಿರುಗಿಸಿ ನೋಡುವ ಚಟ ನನಗೆ ಹತ್ತಿತು. ಎಲ್ಲ ಕಡೆ ಇತ್ತು. ಕುರುಗೋಡಿನ ಆ ಹುಲಿಯ ಪೆಟ್ಟಿಗೆಯಲ್ಲೂ "೫ ಸಾಕು" ಎಂದಿತ್ತು. ಇಡೀ ತಾಲೂಕಿನ ನಿಜವನ್ನೆಲ್ಲ ಆತ ಮುಚ್ಚಳಗಳ ಒಳಗೆ ಬರೆದು ಮುಚ್ಚಿಟ್ಟಿದ್ದ.

ಕೇಳಿದೆ, ಯಾಕೆ ಎಂದು.

"ಅದು ನನ್ನ ಸಮಾಧಾನಕ್ಕಲೇ" ಅಂದ. "ಬಾಯಾಗ ಅವರಿಗೆ ಬೇಕಾದ್ದು ಹೇಳ್ತೀನಿ. ಕೈಯಾಗ ಮಾತ್ರ ಸುಳ್ಳು ಬರಿಯಾಂಗಿಲ್ಲ."

ಆವತ್ತು ಇದು ನನಗೆ ದೊಡ್ಡ ಮಾತಾಗಿ ಕೇಳಿಸಿತು, ಹೇಳಲು ನಾಚಿಕೆಯಾಗುತ್ತದೆ. ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಾ, "ಓದಾವ್ರು ಯಾರಂತ ಅದನ್ನ?" ಎಂದು ಕೇಳಿದಳು.

ಸಿರುಗುಪ್ಪದ ಅಕ್ಕಿ ಗಿರಣಿಯ ವಿಷಯಕ್ಕೆ ಬರುತ್ತೇನೆ. ಬರಲೇಬೇಕು, ಉಳಿದದ್ದೆಲ್ಲ ಇದಕ್ಕೆ ಪೀಠಿಕೆ.

ಆ ಗಿರಣಿಯಲ್ಲಿ ನೆಲದ ಗುಂಡಿಗೆ ಸುರಿದ ಭತ್ತವನ್ನು ಮೇಲಕ್ಕೆ ಎತ್ತಲು ಒಂದು ಎಲಿವೇಟರ್ ಇತ್ತು. ಉದ್ದನೆಯ ಪಟ್ಟಿಗೆ ಸಾಲಾಗಿ ತಗಡಿನ ಬಟ್ಟಲು ಕಟ್ಟಿರುತ್ತಾರೆ, ಅವು ಕೆಳಗೆ ಭತ್ತ ತುಂಬಿಕೊಂಡು ಮೇಲೆ ಸುರಿದು ಬರುತ್ತವೆ. ಅದಕ್ಕೆ ಒಂದೂವರೆ ಎಚ್‌ಪಿಯ ಮೋಟಾರು. ಭತ್ತದ ಜೊತೆ ಹುಲ್ಲು ಬಂದು ಕೆಳಗೆ ಸಿಕ್ಕಿಕೊಂಡರೆ ಬಟ್ಟಲು ನಿಲ್ಲುತ್ತಿದ್ದವು, ಸ್ಟಾರ್ಟರಿನೊಳಗಿನ ರಿಲೇ ಹೊರೆ ಹೆಚ್ಚಾಯಿತೆಂದು ತಾನಾಗಿ ಮೋಟಾರನ್ನು ನಿಲ್ಲಿಸುತ್ತಿತ್ತು. ಹುಲಿಗೆಮ್ಮ ಎಂಬಾಕೆ ಅಲ್ಲಿ ಭತ್ತ ಬಳಿಯುವ ಕೆಲಸಕ್ಕಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ಬಟ್ಟಲು ನಿಂತ ಕೂಡಲೇ ಕೆಳಗಿನ ಕಿಂಡಿಯಲ್ಲಿ ಕೈ ಹಾಕಿ ಹುಲ್ಲು ಕಿತ್ತು, "ಆತ್ರೀ!" ಎಂದು ಕೂಗುವಳು. ಆಮೇಲೆ ಯಂತ್ರ ನಡೆಸುವ ಡ್ರೈವರ್ ಹಸಿರು ಗುಂಡಿ ಒತ್ತುವನು. ಎರಡು ವರ್ಷ ಹೀಗೇ ನಡೆದಿತ್ತು.

ಗಿರಣಿಯ ಸಾಹುಕಾರನಿಗೆ ಮಾತ್ರ ಇದು ಅವಮಾನ. "ಘಳಿಗಿಗೊಮ್ಮೆ ಬೀಳ್ತದ್ರಿ. ಬೀಳೋ ಮೋಟಾರು ಕಟಗೊಂಡು ಏನು ಮಾಡ್ಲಿ? ಬೀಳದಂಥಾದ್ದು ಕೊಡ್ರಿ" ಅಂದ. ತಾನಾಗಿ ನಿಲ್ಲುವುದು, ಅವರ ಮಾತಿನಲ್ಲಿ ಬೀಳುವುದು, ಮೋಟಾರಿನ ನಿಶ್ಶಕ್ತಿ ಎಂದು ನಮ್ಮ ಕಡೆಯ ಗಿರಣಿಯವರೆಲ್ಲ ನಂಬಿದ್ದರು. ನಿಲ್ಲುವುದು ಅದರ ಧರ್ಮ ಎಂದು ಗೊತ್ತಿದ್ದವನು ನನ್ನ ಪಕ್ಕದಲ್ಲಿ ನಿಂತಿದ್ದ. ಆತ ಬಗ್ಗಿ ಗುಂಡಿಯೊಳಗೆ ನೋಡಿದ. ಎರಡು ಬೆರಳಿನಲ್ಲಿ ಒಂದು ಹುಲ್ಲುಕಡ್ಡಿ ಎತ್ತಿ, ತಿರುಗಿಸಿ ನೋಡಿ, ಉಫ್ ಎಂದು ಊದಿದ. ಬೇರಿಂಗ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಎಲ್ಲ ತಿಳಿಯಿತು ಆತನಿಗೆ, ನಾನು ಮುಖ ನೋಡಿದೆನಲ್ಲ.

ಕಣ್ಣು ತೆರೆದು, "ಐದು ಹಾಕೋಣ್ರಿ ಸಾಹುಕಾರ್ರ, ಯಾಕ ಬೀಳ್ತದ ನೋಡೂಣು" ಅಂದ. ಸಾಹುಕಾರ ನಕ್ಕ, ಆತನೂ ನಕ್ಕ.

ಐದು ಎಚ್‌ಪಿ ಕೂರಿಸಿದವನು ನಾನು. ಎಷ್ಟು ಹೊರೆಗೆ ಮೋಟಾರು ನಿಲ್ಲಬೇಕೆಂದು ಗೊತ್ತುಮಾಡುವ ರಿಲೇಯ ಸ್ಕ್ರೂ ಎಷ್ಟಕ್ಕೆ ತಿರುಗಿಸಲಿ ಎಂದು ಕೇಳಿದೆ.

"ತುದೀಗೆ ಒಯ್ಯಿ."

"ಸಿಕ್ಕೊಂಡ್ರ ಮೋಟಾರು ನಿಲ್ಲಾಂಗಿಲ್ಲಲ್ರಿ."

"ನಿಲ್ಲಬಾರದು ಅಂತಾನ ಅಲ್ಲೇನ್ಲೇ ಅವರು ಕೇಳಿದ್ದು?"

ತಿರುಗಿಸಿದೆ. ಸ್ಕ್ರೂ ತುದಿಗೆ ಹೋಗಿ ನಿಂತಿತು. ನಾನು ಸಾಮಾನು ಚೀಲಕ್ಕೆ ತುಂಬುವಾಗ ಆತ ಕಿವಿಯಿಂದ ಪೆನ್ಸಿಲ್ ತೆಗೆದದ್ದು ಕಂಡಿತು.

ಇಪ್ಪತ್ತು ದಿನಕ್ಕೆ ಹುಲ್ಲು ಮತ್ತೆ ಸಿಕ್ಕಿಕೊಂಡಿತು. ಬಟ್ಟಲು ನಿಂತವು. ಮೋಟಾರು ನಿಲ್ಲಲಿಲ್ಲ. ಮೇಲಿನ ಚಕ್ರ ನಿಂತ ಪಟ್ಟಿಯ ಕೆಳಗೆ ಜಾರುತ್ತಾ ಎಳೆಯುತ್ತಲೇ ಇತ್ತು. ಅಕ್ಕಿ ಯಂತ್ರದ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳಲಿಲ್ಲ. ಹುಲಿಗೆಮ್ಮ ಎರಡು ವರ್ಷದಿಂದ ಮಾಡಿದಂತೆ ಬಟ್ಟಲು ನಿಂತದ್ದು ನೋಡಿ ಕಿಂಡಿಯಲ್ಲಿ ಕೈ ಹಾಕಿ ಹುಲ್ಲು ಕಿತ್ತಳು. ಹುಲ್ಲು ಬಂದ ಕ್ಷಣವೇ ಬಟ್ಟಲುಗಳು ನೆಗೆದವು. ಬಲಗೈ ಮೊಣಕೈಯವರೆಗೆ ಹೋಯಿತು.

ವಿಚಾರಣೆಗೆ ಬಳ್ಳಾರಿಯಿಂದ ತಪಾಸಣೆಯ ಅಧಿಕಾರಿ ಬರುವ ದಿನ ನಮ್ಮಿಬ್ಬರನ್ನೂ ಕರೆಸಿದ್ದರು. ತಪ್ಪು ಯಂತ್ರದ್ದು ಎಂದಾದರೆ ಹುಲಿಗೆಮ್ಮನಿಗೆ ಪರಿಹಾರ ಸಿಗಬೇಕು, ಆಕೆಯದೇ ಎಂದಾದರೆ ಏನೂ ಇಲ್ಲ. ಬೆಳಗಿನ ಬಸ್ಸಿಗೆ ಹೋಗಿ ಅಧಿಕಾರಿ ಬರುವ ಮುಂಚೆಯೇ ಗಿರಣಿಯಲ್ಲಿ ಇಳಿದೆವು. ಆತ ನೆಟ್ಟಗೆ ಸ್ಟಾರ್ಟರ್ ಹತ್ತಿರ ನಡೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಇಲ್ಲಿ ಇನ್ನೂ ಯಾರೂ ಏನೂ ಅಂದೇ ಇರಲಿಲ್ಲ. ಮುಚ್ಚಳ ತೆರೆದ. ನಾನು ಇಣುಕಿದೆ.

"೧½ ಸಾಕು. ಜರಡಿ."

ಅಷ್ಟೇ ಬರೆದಿತ್ತು. ಭತ್ತ ಸುರಿಯುವ ಗುಂಡಿಯ ಬಾಯಿಗೆ ಒಂದು ಜರಡಿ ಹಾಸಿದ್ದರೆ ಹುಲ್ಲು ಮೇಲೆಯೇ ಉಳಿಯುತ್ತಿತ್ತು, ಬಟ್ಟಲು ಸಿಕ್ಕಿಕೊಳ್ಳುವ ಮಾತೇ ಇರಲಿಲ್ಲ. ರೋಗವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಬರೆದು ಮುಚ್ಚಳ ಹಾಕಿ ಮನೆಗೆ ಹೋಗಿ ಉಂಡು ಮಲಗಿದ್ದ.

ಯಂತ್ರ ಒರೆಸುವ ಹತ್ತಿಯ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ನನ್ನ ಮುಂದೆ ಹಿಡಿದ. "ಅಳಸು" ಅಂದ.

"ನೀವ ಅಳಸ್ರಿ, ನೀವು ಬರದಿದ್ದು."

"ನಾ ಬರದದ್ದು ಖರೇ ಐತಲೇ. ಖರೇನ ನನ್ನ ಕೈಯಾರೆ ನಾ ಅಳಸಾಂಗಿಲ್ಲ. ನೀ ಅಳಸು." ಆಮೇಲೆ, ತೀರಾ ಮೆತ್ತಗೆ, "ಸ್ಕ್ರೂ ತಿರುವಿದ ಕೈ ಯಾರದಂತ ಸಾಹೇಬರು ಕೇಳಿದ್ರ ಏನು ಹೇಳ್ತಿ?" ಅಂದ.

ಥೂ! ಇದನ್ನು ಬರೆಯುವಾಗ ಈಗಲೂ ಉಗುಳಬೇಕೆನ್ನಿಸುತ್ತದೆ. ಕೊಲೆಗಡುಕನಾದರೂ ತನ್ನ ಕತ್ತಿಯನ್ನು ತಾನೇ ತೊಳೆಯುತ್ತಾನೆ. ಆದರೆ ಸೀಮೆಎಣ್ಣೆಯ ವೇಸ್ಟನ್ನು ತೆಗೆದುಕೊಂಡವನು ಯಾರು? ನಾನು. ನೀಲಿ ಬೇಗ ಹೋಗಲಿಲ್ಲ, ಮೂರು ಸಲ ತಿಕ್ಕಬೇಕಾಯಿತು.

ಅಧಿಕಾರಿ ಬಂದು ಮುಚ್ಚಳ ತೆರೆದು ನೋಡಿದರು, ಮೂಗು ಒಮ್ಮೆ ಅರಳಿಸಿದರು, ಏನೂ ಕೇಳಲಿಲ್ಲ. ಮೋಟಾರು ಹೇಗಿದೆ ಎಂದದ್ದಕ್ಕೆ ಆತ, "ಮೋಟಾರು ಬರೋಬ್ಬರಿ ಐತ್ರಿ. ಹೆಣ್ಮಗಳು ನೋಡದ ಕೈ ಹಾಕ್ಯಾಳ" ಅಂದ. ಸಾಹುಕಾರ ತಲೆಯಾಡಿಸಿದ, ಡ್ರೈವರ್ ತಲೆಯಾಡಿಸಿದ. ಬಾಗಿಲ ಹತ್ತಿರ, ಬಟ್ಟೆ ಸುತ್ತಿದ ಮೋಟುಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಲಿಗೆಮ್ಮ ಕೂತಿದ್ದಳು. ಅವಳನ್ನು ಕೇಳಿದಾಗ ಅವಳು ಅಳಲಿಲ್ಲ, ಬೈಯಲಿಲ್ಲ, ನಮ್ಮನ್ನೇ ಒಂದು ಪ್ರಶ್ನೆ ಕೇಳಿದಳು.

"ನಿಂತಿತ್ತಲ್ರೀ ಅದು. ನಿಂತಿದ್ದು ಹೆಂಗ ಹಿಡೀತು?"

ಗಿರಣಿಯಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಇಬ್ಬರೇ. ಇಬ್ಬರೂ ನೆಲ ನೋಡಿದೆವು. ಆಕೆಯದೇ ಅಜಾಗರೂಕತೆ ಎಂದು ಬರೆದುಕೊಂಡು ಅಧಿಕಾರಿ ಹೊರಟರು. ವಾಪಸು ಬರುವ ಬಸ್ಸಿನಲ್ಲಿ ಆತ ಕಿಟಕಿಯ ಪಕ್ಕ ಕೂತು, ಎಲೆಗೆ ಸುಣ್ಣ ಸವರಿ, ನನಗೂ ಒಂದು ಮಡಿಸಿ ಕೊಟ್ಟ. ನಾನು ಬೇಡ ಅನ್ನಲಿಲ್ಲ, ಅಗಿದೆ.

ಅದಾದ ವರ್ಷಕ್ಕೆ ನಾನು ಆ ಅಂಗಡಿ ಬಿಟ್ಟೆ. ಆತ ನಿವೃತ್ತಿಯವರೆಗೂ ಅಲ್ಲೇ ಇದ್ದ, ಬೀಳ್ಕೊಡುವಾಗ ಶಾಲು ಹೊದಿಸಿದರಂತೆ. ದಾರಿಯಲ್ಲಿ ಸಿಕ್ಕಾಗಲೆಲ್ಲ "ಆರಾಮಲೇ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದ. ನಾನೂ ಆರಾಮ್ರಿ ಎನ್ನುತ್ತಿದ್ದೆ.

ಶ್ರದ್ಧಾಂಜಲಿ ಸಭೆಯಲ್ಲಿ ಎಂಟನೆಯವನಾಗಿ ನನ್ನನ್ನು ಕರೆದರು, ಒಟ್ಟಿಗೆ ದುಡಿದವರು ಎರಡು ಮಾತು ಆಡಬೇಕೆಂದು. ಮೈಕಿನ ಮುಂದೆ ನಿಂತೆ. ಎದುರಿಗೆ ಆ ಸಿರುಗುಪ್ಪದ ಸಾಹುಕಾರ, ತಲೆ ನೆರೆತು, ಕಣ್ಣು ಒರೆಸಿಕೊಳ್ಳುತ್ತಿದ್ದ. ಹೇಳಬೇಕೆಂದು ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದೆಲ್ಲ ಇತ್ತು. ಬಾಯಿ ತೆರೆದರೆ ಬಂದದ್ದು: "ಯಾರಿಗೂ ಇಲ್ಲ ಅಂದವರಲ್ರಿ." ಜನ ತಲೆಯಾಡಿಸಿದರು. ಆತ ನನಗೆ ಕಲಿಸಿದ್ದು ಮೋಟಾರಿನ ವಿದ್ಯೆ ಒಂದೇ ಅಲ್ಲ ಎಂದು ಆಗ ಗೊತ್ತಾಯಿತು.

ಮರುದಿನ ಸಿರುಗುಪ್ಪಕ್ಕೆ ಹೋದೆ. ಹುಲಿಗೆಮ್ಮ ಸಂತೆಯ ಹತ್ತಿರ ಸೊಪ್ಪು ಮಾರುತ್ತಾಳೆಂದು ಹೇಳಿದರು. ಎಡಗೈಯಲ್ಲಿ ಮೆಂತ್ಯದ ಕಟ್ಟು ಹಿಡಿದು, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುತ್ತುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಮೋಟಾರಿನವ್ರಲ್ಲೇನ್ರಿ?"

ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಆವತ್ತು ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಿದೆ. ಬಟ್ಟಲು ನಿಂತಿದ್ದರೂ ಮೋಟಾರು ನಿಂತಿರಲಿಲ್ಲ, ನಿಲ್ಲದ ಹಾಗೆ ಸ್ಕ್ರೂ ತಿರುಗಿಸಿದವನು ನಾನು, ದೊಡ್ಡ ಮೋಟಾರು ಬೇಕಿಲ್ಲ ಎಂದು ಆತನಿಗೆ ಗೊತ್ತಿತ್ತು, ಮುಚ್ಚಳದೊಳಗೆ ಬರೆದೂ ಇಟ್ಟಿದ್ದ, ಅದನ್ನು ಅಳಿಸಿದವನೂ ನಾನೇ ಎಂದೆ. ಅವಳು ಬಾಯಿಂದ ದಾರ ಬಿಟ್ಟು ಕೇಳಿದಳು.

"ಅವರು ಎಲ್ಲಿದಾರ್ರೀ ಈಗ?"

"ತೀರಿಕೊಂಡ್ರು."

"ಅದಕ್ಕ ಬಂದೀರಿ" ಅಂದಳು. ಪ್ರಶ್ನೆಯಲ್ಲ.

ಮತ್ತೊಂದು ಕಟ್ಟಿಗೆ ಕೈ ಹಾಕುತ್ತಾ, "ಏನಂತ ಬರದಿದ್ರು?" ಎಂದು ಕೇಳಿದಳು.

"ಒಂದೂವರೆ ಸಾಕು, ಜರಡಿ ಅಂತ. ಮ್ಯಾಲ ಜರಡಿ ಹಾಕಿದ್ರ ಹುಲ್ಲು ಕೆಳಗ ಇಳೀತಿರಲಿಲ್ಲ."

"ಜರಡಿ?" ಅಂದಳು. ನನ್ನ ಮುಖ ನೋಡಿದಳು. ಎಡಗೈ ಮೆಂತ್ಯದ ಮೇಲೆ ಹಾಗೇ ನಿಂತಿತ್ತು. "ನಮ್ಮ ಮನ್ಯಾಗ ಎರಡಿದ್ದೂರಿ. ಒಂದು ಮಾತು ಅಂದಿದ್ರ ನಾನ ತಂದು ಹಿಡೀತಿದ್ದೆ."